ಅಗ್ಗದ ಲಿನಕ್ಸ್ ಲ್ಯಾಪ್‌ಟಾಪ್ ಮನೆಗೆ ಬರುವ ಮುನ್ನ: ಬೆಸುಗೆ, ಸ್ಕ್ರೂ, ಸಾಫ್ಟ್‌ವೇರ್ ಲೆಕ್ಕ

ಲ್ಯಾಪ್‌ಟಾಪ್ ಆರ್ಡರ್ ಮಾಡಿ ಕೊರಿಯರ್‌ನವನು ಬೆಲ್ ಒತ್ತುವ ತನಕ ಇರುವ ದಿನಗಳಿವೆಯಲ್ಲ, ಅವು ಸ್ವಲ್ಪ ಅಪಾಯದ ದಿನಗಳು. ತಲೆಯೊಳಗಿನ ಲ್ಯಾಪ್‌ಟಾಪ್ ದಿನಕ್ಕಿಷ್ಟು ದೊಡ್ಡದಾಗುತ್ತಾ ಹೋಗುತ್ತದೆ. ಮೊದಲ ದಿನ ‘ಬ್ರೌಸರ್ ಓಡಿದರೆ ಸಾಕಪ್ಪಾ’ ಅಂದುಕೊಂಡವರು ಹತ್ತನೇ ದಿನಕ್ಕೆ ಅದರಲ್ಲೇ ಮಗನ ಬರ್ತ್‌ಡೇ ವಿಡಿಯೋ ಎಡಿಟ್ ಮಾಡುವ ಪ್ಲಾನ್ ಹಾಕಿರುತ್ತಾರೆ. ಡಬ್ಬ ಬಿಚ್ಚಿದಾಗ ಒಳಗಿರುವುದು ಮಾತ್ರ ಆರ್ಡರ್ ಮಾಡಿದ್ದೇ, ಬೆಳೆದದ್ದಲ್ಲ.

ಆದ್ದರಿಂದ ಕಾಯುವ ದಿನಗಳನ್ನು ಸುಮ್ನೆ ಕಳೆಯಬೇಡಿ. ಬರುವ ಮಷೀನ್ ಏನು ಮಾಡಲಾರದು ಅನ್ನುವುದನ್ನು ಅದು ಬರುವ ಮೊದಲೇ ತಿಳಿದುಕೊಳ್ಳಬಹುದು. ಇನ್ನೂ ಆರ್ಡರ್ ಮಾಡಿಲ್ಲ ಅಂದರೆ ಇನ್ನೂ ಒಳ್ಳೆಯದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳ ಹೆಸರನ್ನು ಇಲ್ಲಿ ನಾವು ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಹೊಡೆಯುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ.

ಹೆಜ್ಜೆ 1: ಒಂದು ಹಾಳೆ, ಮೂರು ಖಾನೆ

ಹಾಳೆ ತಗೊಂಡು ಮೂರು ಖಾನೆ ಮಾಡಿ: ಬೆಸುಗೆ, ಸ್ಕ್ರೂ, ಸಾಫ್ಟ್‌ವೇರ್. ಬೋರ್ಡಿಗೆ ಸೋಲ್ಡರ್ ಮಾಡಿ ಕೂರಿಸಿದ್ದೆಲ್ಲ ಮೊದಲ ಖಾನೆಗೆ. ಅದು ಆ ಮಷೀನ್ ಇರುವ ತನಕ ಹಾಗೇ. ಸ್ಕ್ರೂ ಬಿಚ್ಚಿ ಬದಲಿಸಬಹುದಾದದ್ದು ಎರಡನೆಯದಕ್ಕೆ, ಅಂದರೆ ದುಡ್ಡು ಕೂಡಿಸಿದರೆ ಮುಂದೆ ಸರಿಹೋಗಬಹುದಾದದ್ದು. ಸೆಟ್ಟಿಂಗ್ ಬದಲಿಸಿ ಅಥವಾ ಬೇರೆ ಪ್ರೋಗ್ರಾಮ್ ಹಾಕಿ ತಪ್ಪಿಸಿಕೊಳ್ಳಬಹುದಾದದ್ದು ಮೂರನೆಯದಕ್ಕೆ.

ಉದಾಹರಣೆಗೆ ಪೈನ್‌ಬುಕ್ ಪ್ರೊ ತಗೊಳ್ಳೋಣ. ಪೈನ್64 ಅನ್ನುವವರು 2019ರಲ್ಲಿ ಸುಮಾರು 200 ಡಾಲರ್‌ಗೆ ಬಿಟ್ಟ ಲಿನಕ್ಸ್ ಲ್ಯಾಪ್‌ಟಾಪ್ ಇದು, ಅಂದರೆ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಓಡುವಂಥದ್ದು. ಅಗ್ಗದ ಲ್ಯಾಪ್‌ಟಾಪ್ ಹೇಗಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಪ್ರಾಮಾಣಿಕ ಮಾದರಿ ಸಿಗುವುದು ಕಷ್ಟ, ಯಾಕೆಂದರೆ ಯಾವುದನ್ನೂ ಮುಚ್ಚಿಟ್ಟಿಲ್ಲ. ರಾಕ್‌ಚಿಪ್ ಆರ್‌ಕೆ3399 ಪ್ರೊಸೆಸರ್. ಅದರಲ್ಲಿ ಆರು ಕೋರ್, ಆದರೆ ನಿಜವಾಗಿ ಜೋರು ಇರುವುದು ಎರಡೇ, ಮಿಕ್ಕ ನಾಲ್ಕು ಕರೆಂಟ್ ಉಳಿಸುವ ಸಣ್ಣ ಕೋರ್‌ಗಳು. 4 ಜಿಬಿ ರ‍್ಯಾಮ್, 64 ಜಿಬಿ ಇಎಮ್‌ಎಮ್‌ಸಿ (ಕಡತಗಳನ್ನು ಇಡುವ ಸ್ಟೋರೇಜ್ ಚಿಪ್), 14 ಇಂಚಿನ ಫುಲ್ ಎಚ್‌ಡಿ ಸ್ಕ್ರೀನ್.

ಈಗ ಖಾನೆಗೆ ಹಾಕಿ. ಪ್ರೊಸೆಸರ್, ರ‍್ಯಾಮ್, ವೈಫೈ ಮೂರೂ ಬೆಸುಗೆ. ಇಎಮ್‌ಎಮ್‌ಸಿ ಮಾತ್ರ ಇದರಲ್ಲಿ ಸಣ್ಣ ಮಾಡ್ಯೂಲ್ ಆಗಿ ಬರುತ್ತದೆ, ಕಿತ್ತು ಬೇರೆ ಹಾಕಬಹುದು, ಹಾಗಾಗಿ ಸ್ಕ್ರೂ ಖಾನೆ. ಬೇರೆ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಅದೂ ಬೆಸುಗೆಯೇ ಆಗಿರುವುದು ಜಾಸ್ತಿ. ಇನ್ನೂ ವೇಗದ ಸ್ಟೋರೇಜ್ ಆದ ಎನ್‌ವಿಎಮ್‌ಇ ಎಸ್‌ಎಸ್‌ಡಿ ಹಾಕಬೇಕೆಂದರೆ ಬೇರೆಯಾಗಿ ಅಡಾಪ್ಟರ್ ಬೋರ್ಡ್ ತರಿಸಬೇಕು. ಗ್ರಾಫಿಕ್ಸ್ ಚಿಪ್ ಬೆಸುಗೆ ಆದರೂ, ಅದರ ಡ್ರೈವರ್, ಅಂದರೆ ಅದನ್ನು ಓಡಿಸುವ ಪ್ರೋಗ್ರಾಮ್, ಸಾಫ್ಟ್‌ವೇರ್ ಖಾನೆ. ಇದರಲ್ಲಿರುವ ಮಾಲಿ ಚಿಪ್‌ಗೆ ಪ್ಯಾನ್‌ಫ್ರಾಸ್ಟ್ ಅನ್ನುವ ಮುಕ್ತ ಡ್ರೈವರ್ ಬೆಳೆದ ಹಾಗೆ ಅದೇ ಹಳೇ ಹಾರ್ಡ್‌ವೇರ್ ಮೊದಲಿಗಿಂತ ಚೆನ್ನಾಗಿ ಓಡತೊಡಗಿತು. ಮೂರನೇ ಖಾನೆಯಲ್ಲಿರುವವು ಕಾಲ ಕಳೆದಂತೆ ಸುಧಾರಿಸಬಹುದು. ಮೊದಲನೇ ಖಾನೆಯಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ.

ನೀವು ಕೊಳ್ಳುತ್ತಿರುವುದು ಬೇರೆ ಮಾಡೆಲ್ ಆದರೂ ಕೆಲಸ ಇದೇ. ‘ಎಕ್ಸ್‌ಪ್ಯಾಂಡಬಲ್ ಮೆಮೊರಿ’ ಎಂದು ಜಾಹೀರಾತಿನಲ್ಲಿ ಇದ್ದರೆ ಅದು ರ‍್ಯಾಮ್ ಸ್ಲಾಟೋ ಅಥವಾ ಬರೀ ಎಸ್‌ಡಿ ಕಾರ್ಡ್ ಸ್ಲಾಟೋ ಅಂತ ಕೇಳಿ ತಿಳಿದುಕೊಳ್ಳಿ. ಎರಡನೆಯದೇ ಆಗಿರುತ್ತದೆ, ಹೆಚ್ಚಿನ ಸಲ.

ಹೆಜ್ಜೆ 2: ಪ್ರೊಸೆಸರ್ ಯಾವ ಜಾತಿಯದು?

ಇಂಟೆಲ್, ಎಎಮ್‌ಡಿ ಒಂದು ಜಾತಿ, ಎಆರ್‌ಎಮ್ ಇನ್ನೊಂದು. ಪೈನ್‌ಬುಕ್ ಎರಡನೆಯದು. ‘ಲಿನಕ್ಸ್ ಎಲ್ಲದರ ಮೇಲೂ ಓಡುತ್ತದಲ್ವಾ’ ಅನ್ನುತ್ತೀರಿ. ಓಡುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಜಿಂಪ್, ವಿಎಲ್‌ಸಿ ಎಲ್ಲ ಎಆರ್‌ಎಮ್‌ಗೂ ಸಿಗುತ್ತವೆ, ಸೋರ್ಸ್ ಕೋಡ್ ತೆರೆದಿರುವುದರಿಂದ ಯಾರೋ ಒಬ್ಬರು ಅದನ್ನು ಎಆರ್‌ಎಮ್‌ಗೆ ಕಟ್ಟಿಟ್ಟಿರುತ್ತಾರೆ. ಕಾಲು ಸಿಕ್ಕಿಕೊಳ್ಳುವುದು ಕಂಪನಿಗಳು ಕೋಡ್ ಕೊಡದೆ ಬರೀ ಬೈನರಿ, ಅಂದರೆ ಒಂದು ಜಾತಿಗೆಂದೇ ಕಟ್ಟಿದ ಸಿದ್ಧ ಪ್ರೋಗ್ರಾಮ್, ಕೊಡುವ ಕಡೆ.

ನಮ್ಮ ಜೆರಾಕ್ಸ್ ಅಂಗಡಿ, ಸಣ್ಣ ಆಫೀಸುಗಳಲ್ಲಿ ಎಲ್ಲಿ ನೋಡಿದರೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇದೆಯಲ್ಲ, ಅದಕ್ಕೆ ಕಂಪನಿಯ ಲಿನಕ್ಸ್ ಡ್ರೈವರ್ ಇಂಟೆಲ್ ಜಾತಿಗೆ ಮಾತ್ರ. ಜಿಎಸ್‌ಟಿ, ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಟೋಕನ್ ಕೊಟ್ಟವರನ್ನು ‘ಎಆರ್‌ಎಮ್ ಲಿನಕ್ಸ್‌ಗೆ ಡ್ರೈವರ್ ಇದೆಯಾ?’ ಎಂದು ಮೊದಲೇ ಕೇಳಿ. ‘ಲಿನಕ್ಸ್‌ಗೆ ಇದೆ’ ಎಂಬ ಉತ್ತರ ಸಾಲದು. ಓಟಿಟಿ ಸಿನಿಮಾಗಳಿಗೆ ವೈಡ್‌ವೈನ್ ಅನ್ನುವ ಬೀಗ ಬೇಕು, ಎಆರ್‌ಎಮ್ ಲಿನಕ್ಸ್‌ನಲ್ಲಿ ಅದು ತಾನಾಗಿ ಬರುವುದಿಲ್ಲ, ಅದನ್ನು ಕೂರಿಸುವುದು ಒಂದು ಭಾನುವಾರದ ಕೆಲಸ.

ಮನೆಯಲ್ಲಿ ಇದೊಂದೇ ಕಂಪ್ಯೂಟರ್ ಅಂದರೆ ಇಂಟೆಲ್ ಅಥವಾ ಎಎಮ್‌ಡಿಯದೇ ತಗೊಳ್ಳಿ. ಮನೆಗೆ ಎರಡನೇ ಕಂಪ್ಯೂಟರ್ ಆದರೆ, ಕಲಿಯಲು, ಬರೆಯಲು ಅಂತಾದರೆ, ಎಆರ್‌ಎಮ್ ಚೆಂದದ ಆಟಿಕೆ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬನ್ನಿ.

ಇಂಟೆಲ್ ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಅಗ್ಗದ ಮಷೀನ್‌ಗಳಲ್ಲಿ ಕಾಣುವ ಸೆಲೆರಾನ್ ಎನ್4020ಗೆ ಎರಡೇ ಕೋರ್. 2023ರಲ್ಲಿ ಬಂದ ಎನ್100ಗೆ ನಾಲ್ಕು. ಇನ್ನೊಂದು ಸಣ್ಣ ವಿಷಯ, ಆದರೆ ದಿನಾ ಕಾಡುವಂಥದ್ದು: ಯೂಟ್ಯೂಬ್ ಈಗ ಕಳಿಸುವ ಎವಿ1 ಮಾದರಿಯ ವಿಡಿಯೋವನ್ನು ಎನ್100 ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ, ಎನ್4020 ಬಿಡಿಸುವುದಿಲ್ಲ. ಆಗ ಇಡೀ ಭಾರ ಪ್ರೊಸೆಸರ್ ತಲೆಗೆ ಬರುತ್ತದೆ, ತೊಡೆ ಬಿಸಿಯಾಗುತ್ತದೆ. ಇದಕ್ಕೆ ಮೂರನೇ ಖಾನೆಯಲ್ಲಿ ಮದ್ದಿದೆ: ‘ಎಚ್264ಇಫೈ’ ಎಂಬ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಹಳೇ, ಹಗುರ ಮಾದರಿಯಲ್ಲೇ ವಿಡಿಯೋ ಕೊಡುತ್ತದೆ.

ಹೆಜ್ಜೆ 3: 4 ಜಿಬಿಯಲ್ಲಿ ಬದುಕುವ ರಿಹರ್ಸಲ್

ಇಡೀ ಬರಹದಲ್ಲಿ ಒಂದೇ ಹೆಜ್ಜೆ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಈಗ ನಿಮ್ಮ ಹತ್ತಿರ ಇರುವ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಇದ್ದರೆ, ಬೂಟ್ ಆಗುವಾಗ, ಯಾವ ಸಿಸ್ಟಮ್ ಓಡಿಸಬೇಕೆಂದು ಕೇಳುವ ಗ್ರಬ್ ಮೆನುವಿನಲ್ಲಿ ‘ಇ’ ಕೀ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ ‘ಮೆಮ್’, ಸಮ ಚಿಹ್ನೆ, ‘4ಜಿ’ ಎಂದು ಜಾಗ ಬಿಡದೆ ಬರೆಯಿರಿ. ಒಂದು ಜಾಗ ಬಿಟ್ಟು ‘ಮ್ಯಾಕ್ಸ್‌ಸಿಪಿಯುಸ್’, ಸಮ ಚಿಹ್ನೆ, 2. ಆಮೇಲೆ ಎಫ್10 ಒತ್ತಿ. ಇಷ್ಟೇ. ನಿಮ್ಮ 16 ಜಿಬಿಯ ಗಟ್ಟಿ ಮಷೀನ್ ಆ ಒಂದು ಬೂಟ್‌ಗೆ ಬಡವಾಗಿ ಏಳುತ್ತದೆ, ರೀಸ್ಟಾರ್ಟ್ ಮಾಡಿದರೆ ಮತ್ತೆ ಮಾಮೂಲು. ಎದ್ದ ಮೇಲೆ ‘ಫ್ರೀ’ ಕಮಾಂಡ್ ಹೊಡೆದು ನೋಡಿ, ಕೆಲವು ಮಷೀನ್‌ಗಳಲ್ಲಿ 4 ಕೇಳಿದರೂ 3ರ ಆಸುಪಾಸು ಮಾತ್ರ ಸಿಗುತ್ತದೆ, ಯಾಕೆಂದರೆ ಆ ಮಿತಿ ಬೀಳುವುದು ವಿಳಾಸದ ಮೇಲೆ, ಮತ್ತು 4 ಜಿಬಿಯ ಕೆಳಗಿನ ಒಂದಷ್ಟು ವಿಳಾಸಗಳನ್ನು ಬೇರೆ ಹಾರ್ಡ್‌ವೇರ್ ಹಿಡಿದುಕೊಂಡಿರುತ್ತದೆ. ಹಾಗಾದರೆ 5 ಕೊಟ್ಟು ನೋಡಿ. ವಿಂಡೋಸ್ ಇರುವವರು, ಕಂಪ್ಯೂಟರ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್‌ನಲ್ಲಿ 4 ಜಿಬಿ, ಎರಡು ಕೋರ್ ಕೊಟ್ಟು ಲಿನಕ್ಸ್ ಹಾಕಿಕೊಳ್ಳಿ.

ಈ ಬಡ ಮಷೀನ್‌ನಲ್ಲಿ ಮೂರು ದಿನ ನಿಮ್ಮ ನಿಜವಾದ ಕೆಲಸ ಮಾಡಿ. ನಾನು ಮಾಡಿದಾಗ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಮೌಸ್ ಪಾಯಿಂಟರ್ ನಿಂತೇ ಹೋಯಿತು. ಹನ್ನೊಂದು ಟ್ಯಾಬ್, ಒಂದು ವಿಡಿಯೋ ಕಾಲ್, ಹಿಂದೆ ಮರೆತೇ ಹೋಗಿದ್ದ ಒಂದು ಚಾಟ್ ಆ್ಯಪ್. ಗಡಿಯಾರ 2:14 ತೋರಿಸುತ್ತಾ ನಿಂತಿತ್ತು, ನಾನು ಕಾಫಿ ಮಾಡಿಕೊಂಡು ಬಂದರೂ 2:14. ಎರಡನೇ ದಿನ ಚಾಟ್ ಆ್ಯಪ್ ತೆಗೆದೆ, ಮೂರನೇ ದಿನ ಕಾಲ್ ಇರುವಾಗ ಟ್ಯಾಬ್ ಮುಚ್ಚುವುದು ರೂಢಿಯಾಯಿತು. ಲ್ಯಾಪ್‌ಟಾಪ್ ಬರುವ ಮೊದಲೇ ಕೈ ಪಳಗಿತ್ತು.

ಮೂರು ದಿನವೂ ಕಿರಿಕಿರಿಯೇ ಆಯಿತು ಅನ್ನಿಸಿದರೆ, ಆರ್ಡರ್ ಕ್ಯಾನ್ಸಲ್ ಮಾಡಲು ಇನ್ನೂ ಸಮಯ ಇರುತ್ತದೆ. ನಾಚಿಕೆಪಡಬೇಡಿ.

2007ರಲ್ಲಿ ಏಸಸ್‌ನ ‘ಈ ಪಿಸಿ 701’ ಎಂಬ ಪುಟ್ಟ ಲ್ಯಾಪ್‌ಟಾಪ್ ಬಂದಾಗ ಅದರಲ್ಲಿದ್ದದ್ದು 512 ಎಮ್‌ಬಿ ರ‍್ಯಾಮ್, 4 ಜಿಬಿ ಸ್ಟೋರೇಜ್, 7 ಇಂಚಿನ ಸ್ಕ್ರೀನ್, ಲಿನಕ್ಸ್. ಜನ ಖುಷಿಯಾಗಿ ಬಳಸಿದರು. ಆಮೇಲೆ ಮಷೀನ್‌ಗಳೇನೂ ಸೊರಗಲಿಲ್ಲ, ವೆಬ್‌ಸೈಟ್‌ಗಳು ದಪ್ಪಗಾದವು. ಹಾಗಾಗಿ ‘4 ಜಿಬಿ ಸಾಕಾ?’ ಅನ್ನುವ ಪ್ರಶ್ನೆಗೆ ಉತ್ತರ ನಿಮ್ಮ ಬ್ರೌಸರ್ ಟ್ಯಾಬ್‌ಗಳಲ್ಲಿದೆ.

ಹೆಜ್ಜೆ 4: ಸ್ಟೋರೇಜ್

64 ಜಿಬಿ ಅಂತ ಬರೆದಿದ್ದರೂ ಕಂಪ್ಯೂಟರ್ ತೋರಿಸುವುದು 59ರ ಆಸುಪಾಸು. ಯಾರೂ ಕದ್ದಿಲ್ಲ, ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ಕಂಪ್ಯೂಟರ್ 1024ರ ಲೆಕ್ಕ.

ಇಎಮ್‌ಎಮ್‌ಸಿ ಅಂದರೆ ಫೋನಿನಲ್ಲಿರುವಂಥ ಸ್ಟೋರೇಜ್. ಹಳೇ ಹಾರ್ಡ್ ಡಿಸ್ಕ್‌ಗಿಂತ ಚುರುಕು, ಎಸ್‌ಎಸ್‌ಡಿಗಿಂತ ನಿಧಾನ. ಅದಕ್ಕಿಂತ ಮುಖ್ಯ, ಬರೆದಷ್ಟೂ ಸವೆಯುತ್ತದೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ‘ಎಮ್‌ಎಮ್‌ಸಿ-ಯುಟಿಲ್ಸ್’ ಪ್ಯಾಕೇಜ್ ಹಾಕಿ ಸವೆತ ನೋಡಬಹುದು. ಅದು ಶೇಕಡಾ ಹತ್ತರ ಮೆಟ್ಟಿಲಲ್ಲಿ ಆಯಸ್ಸು ತೋರಿಸುತ್ತದೆ, 1 ಅಂದರೆ ಶೇಕಡಾ 10ರೊಳಗೆ ಸವೆದಿದೆ ಎಂದು ಅರ್ಥ. ಇಎಮ್‌ಎಮ್‌ಸಿ ಬೆಸುಗೆಯದಾದರೆ ಅದು ಸತ್ತ ದಿನ, ಒಳಗಿನಿಂದ ಬೂಟ್ ಆಗುವ ಮಾತೂ ಮುಗಿಯಿತು. ಹಾಗಾಗಿ ಫೋಟೋ, ಕಡತಗಳ ಒಂದು ಪ್ರತಿ ಹೊರಗೆ ಇರಲೇಬೇಕು.

ಜಾಗ ಸಾಲದು ಅಂತ ಎಸ್‌ಡಿ ಕಾರ್ಡ್ ತರುವವರು, ತಂದ ಕೂಡಲೇ ‘ಎಫ್3’ ಎಂಬ ಪ್ರೋಗ್ರಾಮ್‌ನಿಂದ ಪರೀಕ್ಷೆ ಮಾಡಿ. 128 ಅಂತ ಅಚ್ಚು ಹಾಕಿ ಒಳಗೆ 16 ಇರುವ ಕಾರ್ಡ್‌ಗಳು ಮಾರುಕಟ್ಟೆಯಲ್ಲಿ ಧಾರಾಳ. ಸಿನಿಮಾ, ಹಾಡು ಕಾರ್ಡ್‌ನಲ್ಲಿ ಇರಲಿ, ಸಿಸ್ಟಮ್ ಬೇಡ.

ಹೆಜ್ಜೆ 5: ವೈಫೈ ಚಿಪ್‌ನ ಹೆಸರು ಪತ್ತೆ ಮಾಡಿ

ಕೆಲವು ವರ್ಷಗಳ ಹಿಂದೆ ಒಂದು ಅಗ್ಗದ ಲ್ಯಾಪ್‌ಟಾಪ್ ತಗೊಂಡಿದ್ದೆ. ಹೆಸರು ಬೇಡ. ಲಿನಕ್ಸ್ ಹಾಕಿದೆ, ಎಲ್ಲ ಬಂತು, ವೈಫೈ ಗುರುತೇ ಮಾಯ. ಡ್ರೈವರ್ ಇಳಿಸಬೇಕು, ಇಳಿಸಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ವೈಫೈ ಬೇಕು. ಮಷೀನ್ ತೆಳ್ಳಗೆ ಅಂತ ನೆಟ್‌ವರ್ಕ್ ಕೇಬಲ್‌ನ ಪೋರ್ಟ್ ಕೂಡ ಇರಲಿಲ್ಲ. ಕೊನೆಗೆ ಕೈಹಿಡಿದದ್ದು ಫೋನ್: ಡೇಟಾ ಕೇಬಲ್ ಚುಚ್ಚಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ಲಿನಕ್ಸ್ ಅದನ್ನು ಯಾವ ಡ್ರೈವರ್ ಕೇಳದೆ ನೆಟ್‌ವರ್ಕ್ ಎಂದು ಒಪ್ಪಿಕೊಳ್ಳುತ್ತದೆ. ಚಾರ್ಜಿಂಗ್‌ಗೆ ಮಾತ್ರ ಆಗುವ ಕೇಬಲ್ ನಡೆಯುವುದಿಲ್ಲ. ಸರಿಯಾದ ಒಂದು ಕೇಬಲ್ ಈಗಲೇ ಎತ್ತಿಟ್ಟುಕೊಳ್ಳಿ.

ಅಗ್ಗದ ಮಷೀನ್‌ಗಳಲ್ಲಿ ರಿಯಲ್‌ಟೆಕ್ ಚಿಪ್‌ಗಳು ಜಾಸ್ತಿ. ಆರ್‌ಟಿಎಲ್8821ಸಿಇ ಅನ್ನುವುದು ಲಿನಕ್ಸ್ ಬಳಸುವವರನ್ನು ವರ್ಷಗಟ್ಟಲೆ ಅಳಿಸಿತು, ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಡ್ರೈವರ್ ಬಂತು. ಪಾಠ ಏನಪ್ಪಾ ಅಂದರೆ, ಹಾರ್ಡ್‌ವೇರ್ ಹೊಸದಿದ್ದರೆ ಡಿಸ್ಟ್ರೋ (ಡೆಬಿಯನ್, ಫೆಡೋರಾದಂಥ ಲಿನಕ್ಸ್ ರೂಪ) ಕೂಡ ಹೊಸದಿರಬೇಕು. ನಿಮ್ಮ ಮಾಡೆಲ್ ಬೇರೆಯವರ ಹತ್ತಿರ ಹೇಗೆ ಓಡುತ್ತಿದೆ ಎಂದು ನೋಡಲು ಲಿನಕ್ಸ್ ಹಾರ್ಡ್‌ವೇರ್ ಡೇಟಾಬೇಸ್ ಇದೆ. ‘ಎಚ್‌ಡಬ್ಲ್ಯು-ಪ್ರೋಬ್’ ಪ್ರೋಗ್ರಾಮ್‌ನಿಂದ ಜನ ಕಳಿಸಿದ ಮಾಹಿತಿ ಅಲ್ಲಿ ಸೇರಿರುತ್ತದೆ.

ವೈಫೈ ಕಾರ್ಡ್ ಸ್ಕ್ರೂ ಖಾನೆಯದಾದರೆ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ಬೇರೆ ಕಾರ್ಡ್ ತರಬಹುದು. ಅಲ್ಲಿ ‘ಇಂಟೆಲ್ ವೈಫೈ ಕಾರ್ಡ್’ ಅಂತಷ್ಟೇ ಕೇಳಬೇಡಿ. ಎಎಕ್ಸ್200 ಮತ್ತು ಎಎಕ್ಸ್201 ನೋಡಲು ಅವಳಿ ಮಕ್ಕಳ ಹಾಗಿರುತ್ತವೆ, ಆದರೆ 201 ಕೆಲವು ಇಂಟೆಲ್ ಪ್ರೊಸೆಸರ್‌ಗಳ ಜೊತೆ ಮಾತ್ರ ಮಾತಾಡುತ್ತದೆ. ಬೇರೆ ಕಡೆ ಚುಚ್ಚಿದರೆ ಸತ್ತಂತೆ ಕೂರುತ್ತದೆ. 200 ಕೇಳಿ.

ಹೆಜ್ಜೆ 6: ಹೊರದೇಶದಿಂದ ಬರುವುದಾದರೆ

2023ರ ಆಗಸ್ಟ್‌ನಲ್ಲಿ ಲ್ಯಾಪ್‌ಟಾಪ್ ಆಮದಿಗೆ ಸರ್ಕಾರ ನಿರ್ಬಂಧ ಹಾಕಿದಾಗಲೂ ಪೋಸ್ಟ್, ಕೊರಿಯರ್‌ನಲ್ಲಿ ತರಿಸುವ ಒಂದು ಲ್ಯಾಪ್‌ಟಾಪ್‌ಗೆ ವಿನಾಯಿತಿ ಕೊಟ್ಟಿತ್ತು. ಆದರೆ ಸುಂಕಕ್ಕೆ ವಿನಾಯಿತಿ ಇಲ್ಲ. 200 ಡಾಲರ್ ಅನ್ನುವುದನ್ನು ರೂಪಾಯಿಗೆ ಗುಣಿಸಿ ಅಲ್ಲಿಗೇ ನಿಲ್ಲಿಸಬೇಡಿ. ಸಾಗಣೆ, ಸುಂಕ, ಕೊರಿಯರ್‌ನವರ ಫೀಸು ಸೇರಿದ ಮೇಲೆ ಬರುವ ಮೊತ್ತಕ್ಕೆ ಇಲ್ಲೇ ಒಳ್ಳೆಯ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಸಿಗುತ್ತದಾ ನೋಡಿ. ಸಿಕ್ಕರೆ, ಅದರಲ್ಲಿ ಸ್ಕ್ರೂ ಖಾನೆ ಸಾಮಾನ್ಯವಾಗಿ ದೊಡ್ಡದು.

ಹೆಜ್ಜೆ 7: ಬಂದ ದಿನ

ಡಬ್ಬ ಬಿಚ್ಚುವುದನ್ನು ವಿಡಿಯೋ ಮಾಡಿ. ಲಿನಕ್ಸ್ ಪೆನ್‌ಡ್ರೈವ್ ಮೊದಲೇ ರೆಡಿ ಇರಲಿ. ಇಂಟೆಲ್, ಎಎಮ್‌ಡಿ ಮಷೀನ್‌ಗಳಿಗೆ ವೆಂಟಾಯ್ ಎಂಬ ಪ್ರೋಗ್ರಾಮ್ ಸುಲಭ, ಪೆನ್‌ಡ್ರೈವ್‌ಗೆ ಅದನ್ನು ಹಾಕಿ ಲಿನಕ್ಸ್‌ನ ಐಎಸ್‌ಒ ಫೈಲ್‌ಗಳನ್ನು (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲ್) ಕಾಪಿ ಮಾಡಿದರೆ ಸಾಕು. ಎಆರ್‌ಎಮ್‌ಗೆ ಆ ಮಾಡೆಲ್‌ಗೆಂದೇ ಮಾಡಿದ ಇಮೇಜ್ ಎಸ್‌ಡಿ ಕಾರ್ಡ್‌ಗೆ ಬರೆಯಬೇಕು, ಒಂದರ ಇಮೇಜ್ ಇನ್ನೊಂದಕ್ಕೆ ಆಗುವುದಿಲ್ಲ.

ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಬೂಟ್ ಮಾಡಿ ಒಂದೊಂದಾಗಿ ನೋಡಿ. ವೈಫೈ, ಸ್ಪೀಕರ್, ಮೈಕ್, ಕ್ಯಾಮೆರಾ, ಬ್ರೈಟ್‌ನೆಸ್ ಕೀ. ‘ಎಲ್‌ಎಸ್‌ಪಿಸಿಐ’, ‘ಎಲ್‌ಎಸ್‌ಯುಎಸ್‌ಬಿ’ ಹೊಡೆದು ಒಳಗೆ ಏನೇನಿದೆ ಎಂದು ಹಾಳೆಯ ಜೊತೆ ತಾಳೆ ಹಾಕಿ. ಬ್ಯಾಟರಿಗೆ ‘ಯುಪವರ್’ ಇದೆ: ಡಿಸೈನ್ ಸಾಮರ್ಥ್ಯ, ಈಗಿನ ಪೂರ್ತಿ ಸಾಮರ್ಥ್ಯ ಎರಡನ್ನೂ ಹೇಳುತ್ತದೆ. ಹೊಸ ಮಷೀನ್‌ನಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. ಮುಚ್ಚಳ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಅಗ್ಗದ ಮಷೀನ್‌ಗಳು ಮಲಗುವುದರಲ್ಲಿ ಜಾಣರು, ಏಳುವುದರಲ್ಲಿ ಅಷ್ಟಕ್ಕಷ್ಟೇ.

ಸ್ಕ್ರೀನ್ ಪೂರ್ತಿ ಕಪ್ಪು, ಆಮೇಲೆ ಪೂರ್ತಿ ಬಿಳಿ ಮಾಡಿ ನೋಡಿ. ನನ್ನ ಮಗಳು ಹೀಗೆ ನೋಡುತ್ತಾ ‘ಅಪ್ಪಾ, ನುಸಿ ಕೂತಿದೆ’ ಅಂತ ಬಟ್ಟೆ ತಂದು ಒರೆಸಿದಳು. ಒರೆಸಿದಳು, ಊದಿದಳು, ಉಗುರಲ್ಲಿ ಕೆರೆದಳು. ಹೋಗಲಿಲ್ಲ. ಬಲ ಮೂಲೆಯಲ್ಲಿ ಹಸಿರಾಗಿ ಹೊತ್ತಿಕೊಂಡೇ ಇರುವ ಒಂದು ಪಿಕ್ಸೆಲ್. ಪೈನ್64ನವರು ಈ ವಿಷಯದಲ್ಲಿ ಮಾರುವ ಪುಟದಲ್ಲೇ ಖಡಾಖಂಡಿತ: ಒಂದರಿಂದ ಮೂರು ಕೆಟ್ಟ ಪಿಕ್ಸೆಲ್ ಇರುವುದು ಸಹಜ, ಅದನ್ನು ದೋಷ ಎನ್ನಲಾಗದು, ನಾವು ಇದರಲ್ಲಿ ಲಾಭ ಇಟ್ಟುಕೊಂಡಿಲ್ಲ, ಇಂಥ ಸಣ್ಣ ವಿಷಯಕ್ಕೆ ದುಡ್ಡು ವಾಪಸ್ ಕೇಳುವವರಾದರೆ ದಯವಿಟ್ಟು ಕೊಳ್ಳಬೇಡಿ ಎಂಬ ಅರ್ಥದ ಮಾತು ಹಾಕಿದ್ದರು. ಓದಿದಾಗ ಒರಟು ಅನ್ನಿಸಿತು. ಈಗ ಎಲ್ಲ ಅಂಗಡಿಯವರೂ ಹೀಗೆ ಮೊದಲೇ ಹೇಳಿದರೆ ಚೆನ್ನ ಅನ್ನಿಸುತ್ತದೆ. ನೀವು ಕೊಳ್ಳುವ ಕಡೆ ರಿಟರ್ನ್ ನಿಯಮದಲ್ಲಿ ಎಷ್ಟು ಪಿಕ್ಸೆಲ್ ಅಂತಿದೆ, ಓದಿ.

ಹೆಜ್ಜೆ 8: ಮೂರನೇ ಖಾನೆಯ ಕೆಲಸ

ಎಲ್ಲ ಸರಿ ಇದ್ದರೆ ಇನ್‌ಸ್ಟಾಲ್ ಮಾಡಿ. ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಇರಲಿ, ಗ್ನೋಮ್‌ಗಿಂತ ಅದು ಹಗುರ. ಝಡ್‌ರ‍್ಯಾಮ್ ಆನ್ ಇದೆಯಾ ನೋಡಿ. ರ‍್ಯಾಮ್ ತುಂಬಿದಾಗ ಅದರಲ್ಲೇ ಒಂದಷ್ಟನ್ನು ಒತ್ತಿ, ಮಡಚಿ ಇಡುವ ವ್ಯವಸ್ಥೆ ಅದು. ಪೆಟ್ಟಿಗೆ ಚಿಕ್ಕದಾದಾಗ ಸೀರೆಗಳನ್ನು ಇನ್ನೊಂದು ಮಡಿಕೆ ಮಡಚಿ ತುರುಕುತ್ತೇವಲ್ಲ, ಹಾಗೆ. ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಸವೆಯುವ ಇಎಮ್‌ಎಮ್‌ಸಿ ಮೇಲೆ ಬರೆಯುವುದು (ಸ್ವಾಪ್) ಇದರಿಂದ ಕಡಿಮೆಯಾಗುತ್ತದೆ. ಫೆಡೋರಾದಲ್ಲಿ 2020ರ 33ನೇ ಆವೃತ್ತಿಯಿಂದ ತಾನಾಗೇ ಆನ್ ಇರುತ್ತದೆ. ಡೆಬಿಯನ್‌ನಲ್ಲಿ ‘ಝಡ್‌ರ‍್ಯಾಮ್-ಟೂಲ್ಸ್’ ಹಾಕಿಕೊಳ್ಳಿ. ಬ್ರೌಸರ್‌ಗೆ ಒಂದು ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿದರೆ ಪುಟಗಳು ಅರ್ಧ ಹಗುರಾದ ಹಾಗೆ ಅನ್ನಿಸುತ್ತದೆ.

ಕೊನೆಗೆ ಕನ್ನಡ. ಅಕ್ಷರ ಮುರಿದು ಕಂಡರೆ ಡೆಬಿಯನ್‌ನಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿ, ಗುಬ್ಬಿ, ನವಿಲು ಫಾಂಟ್‌ಗಳು ಬರುತ್ತವೆ. ಟೈಪ್ ಮಾಡಲು ‘ಐಬಸ್-ಎಮ್17ಎನ್’. ಅದರಲ್ಲಿ ಕೆಜಿಪಿ ವಿನ್ಯಾಸ ಆರಿಸಿದರೆ ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಕಲಿಯುವುದೇನಿಲ್ಲ. ಆದರೆ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಮಾಡಿದ ಕಡತಗಳು ಇಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ತೆರೆದುಕೊಳ್ಳುತ್ತವೆ, ಅವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಆಫೀಸಿನಿಂದ ಅಂಥ ಕಡತ ಬರುವವರು ಕನ್ವರ್ಟರ್ ಕೂಡ ಎತ್ತಿಟ್ಟುಕೊಳ್ಳಿ.

ಎಲ್ಲ ಸರಿಯಾಗಿ ಕೂತಿದೆಯಾ ಎಂದು ನೋಡಲು ಒಂದು ಪದ ಸಾಕು: ರ‍್ಯಾಮ್ ಎಂದು ಟೈಪ್ ಮಾಡಿ. ರ ಮತ್ತು ಯ ನಡುವೆ ಕಾಣದ ಒಂದು ಜೋಡಕ ಅಕ್ಷರ ಬೀಳಬೇಕು. ಬೀಳದಿದ್ದರೆ ಅರ್ಕಾವತ್ತು ಬಂದು ‘ರ್ಯಾಮ್’ ಆಗಿಬಿಡುತ್ತದೆ. ಆದರೆ ಇದು ಬೆಸುಗೆಯ ರ‍್ಯಾಮ್ ಅಲ್ಲ, ಸೆಟ್ಟಿಂಗ್‌ನಲ್ಲಿ ಸರಿಹೋಗುತ್ತದೆ.